ಅಮ್ಮನ ಸಮಾಧಿ ಕಲ್ಲಿಗೆ ಯಾವ ವಚನ? "ಬಿಡಾರ" ಮಾತ್ರ ಬೇಡ

ಲೈನ್ ಮನೆ ಹುಡುಗಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಅಮ್ಮ ಹೋಗಿ ಐದು ತಿಂಗಳಾಯಿತು. ಹೊಟ್ಟೆಯ ಕ್ಯಾನ್ಸರ್. ಸಮಾಧಿಯ ಮಣ್ಣು ಕೂತಿದೆ, ಈಗ ಕಲ್ಲು ಹಾಕಿಸಬೇಕು. ಕೆತ್ತುವವನು ಅಕ್ಷರದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾನೆ. ಶನಿವಾರದೊಳಗೆ ಬರೆದು ಕೊಡಿ ಅಂದಿದ್ದಾನೆ. ಹೆಸರು, ಹುಟ್ಟಿದ ಮತ್ತು ಹೋದ ವರ್ಷ, ಕೆಳಗೆ ಸತ್ಯವೇದದ (ಬೈಬಲಿನ) ಒಂದು ವಚನ. ತಮ್ಮ ಯೋಹಾನ 14 ಹಾಕಿಸೋಣ ಅಂತಾನೆ. ನನ್ನ ತಂದೆಯ ಮನೆಯಲ್ಲಿ ಬಹಳ ಬಿಡಾರಗಳಿವೆ ಅಂತ ಯೇಸು ಹೇಳಿದ ಮಾತು. ಅಮ್ಮನ ಹಳೇ ಸತ್ಯವೇದದಲ್ಲಿ ಇರೋದು ಹಾಗೇ.

ನನಗೆ ಆ ಪದ ಕೇಳಿದರೆ ಮೈ ಉರಿಯುತ್ತೆ. ಅಮ್ಮ ಜೀವನಪೂರ್ತಿ ಇದ್ದಿದ್ದೇ ಬಿಡಾರದಲ್ಲಿ. ಮೂಡಿಗೆರೆ ಕಡೆ ಕಾಫಿ ತೋಟದ ಲೈನ್ ಮನೆ. ಒಂದೇ ಕೋಣೆ, ಪಕ್ಕದ ಮನೆಯವರು ಕೆಮ್ಮಿದರೂ ಕೇಳುತ್ತಿತ್ತು. ತೋಟ ಬದಲಾದರೆ ಪಾತ್ರೆ ಗಂಟು ಕಟ್ಟಿ ಇನ್ನೊಂದು ಲೈನಿಗೆ. ನಾವು ಕೆಲಸಕ್ಕೆ ಸೇರಿದ ಮೇಲೆ ಹಾಸನದಲ್ಲಿ ಬಾಡಿಗೆ ಮನೆ, ಅದೂ ನಾಲ್ಕು ಸಲ ಬದಲಾಯಿತು. ಅಪ್ಪನನ್ನು ಮದುವೆಯಾಗಿ ದೀಕ್ಷಾಸ್ನಾನ ತಗೊಂಡು ಕ್ರೈಸ್ತರಾದ ದಿನ ತಾತ ಬಾಗಿಲು ಹಾಕಿದವರು ಮತ್ತೆ ತೆಗೆಯಲಿಲ್ಲ. ಗೌರಿ ಹಬ್ಬಕ್ಕೆ ಲೈನಿನ ಹೆಂಗಸರೆಲ್ಲ ತವರಿಗೆ ಹೊರಟರೆ ಅಮ್ಮ ಆ ದಿನವೇ ಕಂಬಳಿಗಳನ್ನೆಲ್ಲ ಒಗೆಯೋಕೆ ಹಾಕುತ್ತಿದ್ದರು. ಅಂಥವರಿಗೆ ಸತ್ತ ಮೇಲೂ ಬಿಡಾರನಾ?

ಇನ್ನೊಂದು ಮಾತು. ಆಸ್ಪತ್ರೆಗೆ ಪ್ರಾರ್ಥನೆಗೆ ಬಂದವರೊಬ್ಬರು, ನಂಬಿಕೆ ಗಟ್ಟಿ ಇದ್ದರೆ ಎದ್ದು ಕೂರುತ್ತಾರೆ ಅಂದರು. ಮಣ್ಣು ಮಾಡುವಾಗ ಅದೇ ಮನುಷ್ಯ, ಅಳಬೇಡ ಮಗಳೇ, ನಿರೀಕ್ಷೆ ಇಲ್ಲದವರು ಅಳುತ್ತಾರೆ ಅಂದರು. ಅವತ್ತು ನಿಂತ ಅಳು ಇನ್ನೂ ಬಂದಿಲ್ಲ. ಅಮ್ಮ ದೇವರ ಹತ್ತಿರ ಇದ್ದಾರೆ ಅಂತ ನಂಬುತ್ತೇನೆ. ಆದರೂ ರಾತ್ರಿ ಎರಡು ಗಂಟೆಗೆ ಎಚ್ಚರ ಆಗುತ್ತೆ. ಇದು ನಂಬಿಕೆ ಕಮ್ಮಿ ಅಂತಲಾ?

ಬೆಳಗಿನ ತಾರೆ:

ನಿಮ್ಮ ಅಮ್ಮನಿಗಾಗಿ ಪ್ರಾರ್ಥಿಸುತ್ತೇನೆ ಸಿಸ್ಟರ್. ರೋಮಾಪುರದವರಿಗೆ 8:18 ನೋಡಿ. ಈಗಿನ ಕಷ್ಟಗಳನ್ನು ಮುಂದೆ ಬರುವ ಮಹಿಮೆಯ ಪಕ್ಕ ಇಟ್ಟರೆ ಏನೂ ಅಲ್ಲ ಅನ್ನೋ ವಚನ. ನಮ್ಮ ಅತ್ತೆಯ ಕಲ್ಲಿಗೆ ಅದನ್ನೇ ಹಾಕಿಸಿದ್ದು. ಆದರೆ ಉದ್ದ ಜಾಸ್ತಿ, ದುಡ್ಡು ಜಾಸ್ತಿ ಆಯಿತು.

ಹಂಚಿನ ಮನೆ ಮೇಷ್ಟ್ರು:

ತಂಗಿ, ನಾನು ಮಂಗಳೂರಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು. ಮೊದಲು ಆ ಪದದ ಪರವಾಗಿ ಎರಡು ಮಾತು, ಆಮೇಲೆ ನೀವು ಬೈಯಬಹುದು.

ಗ್ರೀಕಿನಲ್ಲಿ ಅಲ್ಲಿರುವ ಪದ "ಮೊನೆ". ಉಳಿಯುವುದು, ನೆಲೆ ನಿಲ್ಲುವುದು ಅನ್ನೋ ಕ್ರಿಯಾಪದದಿಂದ ಬಂದದ್ದು. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಎರಡೇ ಸಲ, ಎರಡೂ ಯೋಹಾನ 14ರಲ್ಲೇ. ಎರಡನೇ ಸಲ 23ನೇ ವಚನದಲ್ಲಿ. ಅಲ್ಲಿ ಮಾತು ತಿರುಗುತ್ತೆ. ನನ್ನನ್ನು ಪ್ರೀತಿಸುವವನ ಹತ್ತಿರ ತಂದೆಯೂ ನಾನೂ ಬಂದು ನೆಲೆಸುತ್ತೇವೆ ಅಂತಾರೆ ಯೇಸು. ನಾವು ಅಲ್ಲಿಗೆ ಹೋಗೋ ಮೊದಲೇ ಅವರು ಇಲ್ಲಿಗೆ ಬಂದು ಇಳಿದುಕೊಳ್ಳುತ್ತಾರೆ. ಮೂಡಿಗೆರೆಯ ಲೈನ್ ಮನೆಗೂ ಅಂತ ಇಟ್ಟುಕೊಳ್ಳಿ.

ಲ್ಯಾಟಿನ್ ಅನುವಾದದಲ್ಲೂ ದಾರಿಯಲ್ಲಿ ತಂಗುವ ಜಾಗ ಅನ್ನೋ ಅರ್ಥದ ಪದವೇ ಇತ್ತು. ಅದರಿಂದಲೇ 1611ರ ಇಂಗ್ಲಿಷ್ ಸತ್ಯವೇದಕ್ಕೆ "ಮ್ಯಾನ್ಷನ್" ಬಂತು. ಈಗಿನವರು ಅದನ್ನು ಓದಿ ಪರಲೋಕದಲ್ಲಿ ಆಳಿಗೊಂದು ಬಂಗಲೆ ಅಂದುಕೊಂಡಿದ್ದಾರೆ. ಹಾಗೆ ನೋಡಿದರೆ ನಮ್ಮ ಕನ್ನಡದ ಅನುವಾದಕರೇ ಪ್ರಾಮಾಣಿಕರು. ಇಳಿದುಕೊಳ್ಳುವ ಜಾಗ ಅಂದರು, ಮುಗೀತು. ಹೊಸ ಅನುವಾದಗಳಲ್ಲಿ ನಿವಾಸ ಅಂತ ಸಿಗುತ್ತೆ. ಸಿಟ್ಟು ಇಳಿಯದಿದ್ದರೆ ಅದನ್ನು ಹಾಕಿಸಿ. ನನಗೇನೋ ಅದು ಕ್ವಾರ್ಟರ್ಸ್ ಬೋರ್ಡಿನ ಹಾಗೆ ಕಾಣುತ್ತೆ.

ಹಾಸನ ಬ್ರದರ್:

ಪ್ರೈಸ್ ದ ಲಾರ್ಡ್. ಸಿಸ್ಟರ್, 2 ಕೊರಿಂಥ 5:1 ಹಾಕಿಸಿ. ಈ ದೇಹ ಒಂದು ಗುಡಾರ, ಅದು ಕಿತ್ತುಹೋದರೂ ದೇವರು ಕಟ್ಟಿದ ಮನೆ ಇದೆ ಅಂತ ಪೌಲ ಬರೆಯುತ್ತಾನೆ. ಪೌಲನ ಕಸುಬೇ ಗುಡಾರ ಹೊಲಿಯೋದು, ಅಪೊಸ್ತಲರ ಕೃತ್ಯ 18ರಲ್ಲಿದೆ. ಕೈಯಲ್ಲಿ ಸೂಜಿ ಹಿಡಿದವನಿಗೆ ಗೊತ್ತು, ಗುಡಾರ ಎಷ್ಟು ದಿನ ಬಾಳುತ್ತೆ ಅಂತ.

ಅಳುವ ವಿಷಯ. ಆ ಹಿರಿಯರು ಹೇಳಿದ್ದರಲ್ಲಿ ತಪ್ಪೇನಿದೆ? 1 ಥೆಸಲೊನೀಕ 4:13ರಲ್ಲಿ ಸ್ಪಷ್ಟವಾಗಿದೆ. ನಿಮ್ಮ ತಾಯಿ ಮಹಿಮೆಗೆ ಸೇರಿದ್ದಾರೆ. ನಮ್ಮ ಸಭೆಯಲ್ಲಿ ಮಣ್ಣಿಗೆ ಹೋಗುವಾಗ ಕೈತಟ್ಟಿ ಹಾಡುತ್ತೇವೆ. ಸಂತೋಷ ಪಡಿ.

ರಾತ್ರಿ ಪಾಳಿ:

ಬ್ರದರ್, ಕೋಪ ಮಾಡ್ಕೋಬೇಡಿ, ನಾನು ನರ್ಸ್. ಹನ್ನೊಂದು ವರ್ಷದಿಂದ ಗುಣವಾಗದ ರೋಗಿಗಳ ವಾರ್ಡಿನಲ್ಲಿದ್ದೇನೆ. "ಸಂತೋಷ ಪಡಿ" ಅನ್ನೋ ಮಾತು ಮನೆಯವರ ಮುಖದ ಮೇಲೆ ಏನು ಮಾಡುತ್ತೆ ಅಂತ ಹತ್ತಿರದಿಂದ ನೋಡಿದ್ದೇನೆ.

ಆ ವಚನ ಪೂರ್ತಿ ಓದಿ. ದುಃಖಪಡಬೇಡಿ ಅಂತ ಪೌಲ ಬರೆದಿಲ್ಲ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ ಬರೆದ. ಆ "ಹಾಗೆ" ನುಂಗಿಬಿಟ್ಟರೆ ವಚನ ಕಲ್ಲಾಗುತ್ತೆ, ಅಳುವವರ ಮೇಲೆ ಎಸೆಯೋಕೆ. ಯೇಸುವಿನ ಸ್ನೇಹಿತ, ಸತ್ತುಹೋದ ಲಾಜರನ ಕಥೆ ನೋಡಿ. ಇನ್ನೊಂದು ಗಳಿಗೆಗೆ ಅವನನ್ನು ಎಬ್ಬಿಸುತ್ತೇನೆ ಅಂತ ಯೇಸುವಿಗೆ ಗೊತ್ತಿತ್ತು. ಆದರೂ ಸಮಾಧಿಯ ದಾರಿಯಲ್ಲಿ ಅತ್ತರು. ನಿರೀಕ್ಷೆ ಇದ್ದವರು ಅಳಬಾರದು ಅನ್ನೋದಾದರೆ ಮೊದಲು ತಪ್ಪಿದವರು ಅವರೇ ಆಗಬೇಕು.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡ ಯೋಬನ ಸ್ನೇಹಿತರೂ ಅಷ್ಟೇ. ಬಂದವರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿವರೆಗೆ ಒಳ್ಳೆಯವರೇ. ಕೆಟ್ಟಿದ್ದು ಬಾಯಿ ತೆರೆದ ಮೇಲೆ. ನೀನೇನೋ ತಪ್ಪು ಮಾಡಿದ್ದೀಯ, ಅದಕ್ಕೇ ಹೀಗಾಯಿತು ಅಂತ ಶುರು ಮಾಡಿದರು. "ನಂಬಿಕೆ ಗಟ್ಟಿ ಇದ್ದರೆ" ಅಂದವರದ್ದು ಅದೇ ವಂಶ. ಪೌಲನ ಮೈಯಲ್ಲಿ ಒಂದು ಮುಳ್ಳಿತ್ತು, ತೆಗೆ ಅಂತ ಮೂರು ಸಲ ಬೇಡಿಕೊಂಡ, ತೆಗೆಯಲಿಲ್ಲ. ಅವನಿಗಿಂತ ನಂಬಿಕೆ ನಮಗೆ ಜಾಸ್ತಿನಾ?

ಲೈನ್ ಮನೆ ಹುಡುಗಿಗೆ: ಎರಡು ಗಂಟೆಗೆ ಎಚ್ಚರ ಆಗೋದು ನಂಬಿಕೆ ಕಮ್ಮಿ ಅಲ್ಲ. ಅಮ್ಮನನ್ನು ನೋಡಿಕೊಂಡವರಲ್ಲಿ ಇದು ತುಂಬಾ ಕಾಣುತ್ತೇನೆ. ನೋವಿನ ಮಾತ್ರೆ ಕೊಡುವ ಹೊತ್ತು ಅದೇ ಆಗಿತ್ತಾ?

ಲೈನ್ ಮನೆ ಹುಡುಗಿ:

ಹೌದು. ರಾತ್ರಿ ಹತ್ತು, ಎರಡು, ಬೆಳಿಗ್ಗೆ ಆರು. ಅದು ನನಗೆ ಹೊಳೆದೇ ಇರಲಿಲ್ಲ.

ಕೆಂಪಿರುವೆ:

ನಾನು ದೇವರನ್ನು ನಂಬುವವನಲ್ಲ, ಆದರೂ ಬರೆಯುತ್ತೇನೆ. ಈ ಪರಲೋಕದ ಮಾತೇ ಲೈನ್ ಮನೆಗಳನ್ನು ಇಷ್ಟು ವರ್ಷ ಹಾಗೇ ಇಟ್ಟಿದ್ದು ಅಲ್ವಾ? ಧಣಿಗೆ ಭೂಮಿ, ಕೂಲಿಯವರಿಗೆ ಆಕಾಶ. ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ ಕೊಡಬೇಕು ಅಂತ 1951ರಲ್ಲೇ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ಬಂತು. ಅದನ್ನು ಕೇಳಬೇಕಾದವರ ಕೈಗೆ ಜಪದ ಪುಸ್ತಕ ಕೊಟ್ಟು ಕೂರಿಸಿದರು. 1844ರಲ್ಲಿ ಮಾರ್ಕ್ಸ್ ಧರ್ಮವನ್ನು ಜನರ ಅಫೀಮು ಅಂದಿದ್ದು ಸುಮ್ನೆ ಅಲ್ಲ. ಅಮ್ಮನ ವಿಷಯಕ್ಕೆ ನಿಜವಾಗಿ ಬೇಜಾರಾಯಿತು ಅಕ್ಕ, ಅದು ಬೇರೆ.

ಹಂಚಿನ ಮನೆ ಮೇಷ್ಟ್ರು:

ಕೆಂಪಿರುವೆ, ಕಚ್ಚಿದ್ದು ಸರಿಯಾದ ಜಾಗಕ್ಕೇ. ಅಲ್ಲಿ ಸಿಗುತ್ತೆ ಸುಮ್ನಿರಿ ಅಂತ ಹೇಳಿ ಇಲ್ಲಿ ಕೊಡಬೇಕಾದ್ದನ್ನು ನುಂಗಿದವರು ಇದ್ದಾರೆ, ಇಲ್ಲ ಅನ್ನಲ್ಲ. ಮಾರ್ಕ್ಸ್ ಅದೇ ಜಾಗದಲ್ಲಿ ಧರ್ಮವನ್ನು ತುಳಿತಕ್ಕೆ ಸಿಕ್ಕವರ ನಿಟ್ಟುಸಿರು ಅಂತಲೂ ಕರೆದ. ಅದನ್ನು ಯಾರೂ ಹೇಳಲ್ಲ.

ನನ್ನ ಹೆಸರು ಯಾಕೆ ಹಂಚಿನ ಮನೆ ಅಂತ ಹೇಳುತ್ತೇನೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದಿಳಿದದ್ದು 1834ರಲ್ಲಿ. ಆಗ ದೀಕ್ಷಾಸ್ನಾನ ತಗೊಂಡವನಿಗೆ ಮೊದಲು ಹೋಗುತ್ತಿದ್ದದ್ದು ಮನೆ, ಆಮೇಲೆ ಜಾತಿಯ ಕಸುಬು, ಆಮೇಲೆ ಹಿರಿಯರ ಆಸ್ತಿ. ಜಾತಿ, ಧರ್ಮ ಬಿಟ್ಟವನ ಆಸ್ತಿಯ ಹಕ್ಕು ಹೋಗಬಾರದು ಅಂತ 1850ರಲ್ಲಿ ಕಾನೂನು ಆಯಿತು. ಕಾಗದದ ಮೇಲೆ. ಬಾಗಿಲು ಹಾಕಿದ ಅಪ್ಪಂದಿರು ಕಾನೂನು ಓದಿ ತೆಗೆಯುತ್ತಾರಾ? ಈ ತಂಗಿಯ ತಾತನೇ ಸಾಕ್ಷಿ.

ಹೀಗೆ ಬೀದಿಗೆ ಬಿದ್ದವರಿಗೆ ಕೂಡಲೇ ಬೇಕಾಗಿದ್ದದ್ದು ಅನ್ನ. ಅದಕ್ಕೆ ನೇಯ್ಗೆ ಬಂತು, ಅಚ್ಚುಕೂಟ ಬಂತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಬಂತು. ನನ್ನ ಅಜ್ಜ ಅಂಥದ್ದೇ ಒಂದು ಕಾರ್ಖಾನೆಯಲ್ಲಿ ಮಣ್ಣು ತುಳಿದವರು. ಪರಲೋಕದ ಹಾಡು ಹಾಡುತ್ತಲೇ ಅರ್ಧ ಕರಾವಳಿಯ ತಲೆಯ ಮೇಲೆ ಸೂರು ಹಾಕಿದರು. ಅಲ್ಲಿಯೂ ಶಿಸ್ತಿನ ಕಾಟ ಇತ್ತು ಅಂತ ಅಜ್ಜ ಬೈಯುತ್ತಿದ್ದರು, ಅದೂ ಇರಲಿ.

ಅಮೆರಿಕದ ಗುಲಾಮರ ಹಾಡುಗಳನ್ನು ಕೇಳಿ. ಸತ್ಯವೇದದಲ್ಲಿ ದೇವರು ಕೊಡುತ್ತೇನೆ ಅಂದ ಕಾನಾನ್ ದೇಶಕ್ಕೆ ಹೋಗುತ್ತೇವೆ ಅಂತ ಹಾಡುತ್ತಿದ್ದರು. ಧಣಿಗೆ ಅದು ಪರಲೋಕದ ಭಜನೆ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡೆರಿಕ್ ಡಗ್ಲಾಸ್ ಆಮೇಲೆ ಬರೆದರು, ನಮಗೆ ಕಾನಾನ್ ಅಂದರೆ ಉತ್ತರದ ರಾಜ್ಯಗಳು ಅಂತ. ಅಫೀಮು ತಿಂದವನು ರಾತ್ರೋರಾತ್ರಿ ಓಡುವ ದಾರಿ ಹುಡುಕುತ್ತಾನಾ?

ಕೆಂಪಿರುವೆ:

ಡಗ್ಲಾಸ್ ಒಪ್ಪಿದೆ. ಜೆಪ್ಪು ಅರ್ಧ ಒಪ್ಪಿದೆ.

ಕಾರವಾರದ ಬಲೆ:

ಗಂಭೀರ ಚರ್ಚೆಯ ಮಧ್ಯೆ ಒಂದು ತಕರಾರು. ನಾವು ಮೀನು ಹಿಡಿಯುವ ಕ್ರಿಸ್ತರು. ಅಪ್ಪನಿಗೆ ಈಗ ಕಾಲು ಬಿದ್ದುಹೋಗಿದೆ, ದೋಣಿ ಮಾರಿ ಎರಡು ವರ್ಷ. ಸತ್ಯವೇದದ ಕೊನೆಯ ಪುಸ್ತಕ ಪ್ರಕಟನೆ ಓದಿ ಹೇಳು ಅಂದರು, ಓದಿದೆ. 21ನೇ ಅಧ್ಯಾಯದ ಮೊದಲ ವಚನಕ್ಕೇ ಕೈ ಎತ್ತಿ ನಿಲ್ಲಿಸಿದರು. ಹೊಸ ಆಕಾಶ, ಹೊಸ ಭೂಮಿ ಇರುತ್ತೆ, ಸಮುದ್ರ ಮಾತ್ರ ಇರಲ್ಲ ಅಂತ ಇದೆಯಲ್ಲ. "ಹಾಗಾದ್ರೆ ನಾನು ಅಲ್ಲಿ ಏನು ಮಾಡ್ಲಿ?" ಅಂದರು. ನಾನು ನಕ್ಕೆ. ಅವರು ನಗಲಿಲ್ಲ.

ಬಂಗಾರದ ಬೀದಿ, ಮುತ್ತಿನ ಬಾಗಿಲು ಇವೆಲ್ಲ ಯಾರಿಗೆ ಬೇಕಿತ್ತು? ಅಪ್ಪನಿಗೆ ಆ ಎರಡು ಕಾಲು ಮತ್ತೆ ಬಂದು, ಬೆಳಗಿನ ಜಾವ ನಾಲ್ಕಕ್ಕೆ ಗಾಳಿ ನೋಡೋಕೆ ದಂಡೆಗೆ ಹೋಗುವ ಹಾಗಾದರೆ ಅದೇ ಪರಲೋಕ. ಇದಕ್ಕೆ ಯಾರಾದರೂ ಉತ್ತರ ಕೊಡಿ, ಮನೆಯಲ್ಲಿ ಕಾಯುತ್ತಿದ್ದಾರೆ.

ರಾತ್ರಿ ಪಾಳಿ:

ಅಪ್ಪನಿಗೆ ಇದನ್ನು ಓದಿ ಹೇಳಿ. ಅದನ್ನು ಬರೆದ ಯೋಹಾನ ಪತ್ಮೋಸ್ ಅನ್ನೋ ದ್ವೀಪದಲ್ಲಿದ್ದ. ಅವನ ಸಭೆಗಳೆಲ್ಲ ಆಚೆ ದಡದಲ್ಲಿ, ಅವನು ಈಚೆ. ನಡುವೆ ಸಮುದ್ರ. ಪರದೇಶದಲ್ಲಿ ಗಂಡ ಇರುವ ಹೆಂಗಸಿಗೆ ಸಮುದ್ರ ಹೇಗೆ ಕಾಣುತ್ತೋ ಹಾಗೆ ಕಂಡಿರಬೇಕು ಅವನಿಗೂ. ಯೆಹೂದ್ಯರಿಗೆ ಮೊದಲಿಂದಲೂ ಸಮುದ್ರ ಅಂದರೆ ಗಲಿಬಿಲಿ, ಭಯ. ಆ ಪುಸ್ತಕದಲ್ಲೇ ಒಂದು ಮೃಗ ಸಮುದ್ರದಿಂದ ಎದ್ದು ಬರುತ್ತೆ. ಅಗಲಿಸುವುದು ಇರಲ್ಲ, ಹೆದರಿಸುವುದು ಇರಲ್ಲ ಅಂತ ನಾನು ಓದಿಕೊಂಡಿದ್ದೇನೆ.

ಇನ್ನೊಂದು ಇದೆ. ಸತ್ತು ಎದ್ದ ಮೇಲೆ ಯೇಸು ಶಿಷ್ಯರಿಗೆ ಸಿಕ್ಕಿದ್ದು ದಂಡೆಯ ಮೇಲೆ. ಕೆಂಡ ಮಾಡಿ, ಅದರ ಮೇಲೆ ಮೀನು ಸುಟ್ಟು, ಬನ್ನಿ ತಿಂಡಿ ತಿನ್ನಿ ಅಂದರು. ಅವತ್ತು ಬಲೆಗೆ ಬಿದ್ದ ಮೀನು 153. ಎಣಿಸಿ ಬರೆದಿಟ್ಟಿದ್ದಾರೆ ಅಂದರೆ ಬರೆದವನು ನಿಮ್ಮವನೇ.

ಕಾರವಾರದ ಬಲೆ:

ಓದಿದೆ. "ಯಾವ ಮೀನು ಅಂತ ಬರೆದಿಲ್ವಾ?" ಅಂದರು.

ಹುಬ್ಬಳ್ಳಿ ಹುಡುಗ:

ನಾನು ಲಿಂಗಾಯತ, ಸುಮ್ನೆ ಓದುತ್ತಾ ಕೂತಿದ್ದೆ. ಒಂದು ಪ್ರಶ್ನೆ. ನಿಮ್ಮಲ್ಲಿ ಕೆಲವರು ಪರಲೋಕ ಅಂತೀರಿ, ಕೆಲವರು ಸ್ವರ್ಗ ಅಂತೀರಿ. ಎರಡೂ ಒಂದೇನಾ? ನಮ್ಮ ಕಡೆ ಪುರಾಣ ಕೇಳಿದವರಿಗೆ ಸ್ವರ್ಗ ಅಂದರೆ ಪುಣ್ಯ ಖರ್ಚಾಗೋವರೆಗೆ ಇರುವ ಜಾಗ, ಆಮೇಲೆ ಮತ್ತೆ ಇಳಿದು ಬರಬೇಕು. ಅಂದರೆ ಅದೂ ಬಿಡಾರವೇ. ಬಸವಣ್ಣನವರು ಇನ್ನೊಂದು ದಾರಿ ಹಿಡಿದರು. ದೇವಲೋಕ, ಮರ್ತ್ಯಲೋಕ ಬೇರೆ ಇಲ್ಲ, ಸತ್ಯ ನುಡಿಯೋದೇ ದೇವಲೋಕ ಅಂದರು.

ಅಕ್ಕಾ, ಕಲ್ಲಿನ ವಿಷಯ. ನಿಮಗೆ ಬಿಡಾರ ಬೇಡ ಅಂದರೆ ಆ ಪದ ಬಿಟ್ಟು ಮೊದಲಿನ ಮೂರು ಪದ ಮಾತ್ರ ಹಾಕಿಸಿ. ಅಕ್ಷರಾನೂ ಕಮ್ಮಿ ಆಗುತ್ತೆ.

ನವೆಂಬರ್ ಎರಡು:

ನಾನು ಕಥೋಲಿಕ. ಪದದ ಬಗ್ಗೆ ಹೇಳೋದಾದರೆ ನಮ್ಮ ಬೈಬಲಿನಲ್ಲಿ ಸ್ವರ್ಗಸಾಮ್ರಾಜ್ಯ ಅಂತಿದೆ, ಪ್ರೊಟೆಸ್ಟೆಂಟ್ ಸಭೆಯಾದ ಸಿ.ಎಸ್.ಐ.ಯವರು ಓದುವ ಹಳೆಯದರಲ್ಲಿ ಪರಲೋಕರಾಜ್ಯ ಅಂತ. ಪದ ಬೇರೆ, ವಿಷಯ ಒಂದೇ. ನಮ್ಮ ಸ್ವರ್ಗದಿಂದ ವಾಪಸ್ ಬಸ್ ಇಲ್ಲ. ಆದರೆ ಪ್ರಕಟನೆ 21ರಲ್ಲಿ ನಾವು ಮೇಲಕ್ಕೆ ಹೋಗೋದಿಲ್ಲ, ಪವಿತ್ರ ನಗರವೇ ಕೆಳಗೆ ಇಳಿದು ಬರುತ್ತೆ. ಇದನ್ನು ಪ್ರಸಂಗಗಳಲ್ಲಿ ಯಾಕೋ ಹೇಳುವುದೇ ಕಮ್ಮಿ. ನಿಮ್ಮ ಬಸವಣ್ಣನವರಿಗೆ ಇದು ಸ್ವಲ್ಪ ಹತ್ತಿರ ಅನ್ನಿಸೀತು.

ಮೂಲ ಪ್ರಶ್ನೆಗೆ ಬರುತ್ತೇನೆ. ಅಮ್ಮ ಈಗ ಎಲ್ಲಿ? ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು ಈ ಹೊತ್ತೇ ನನ್ನ ಸಂಗಡ ಪರದೈಸಿನಲ್ಲಿ ಇರುತ್ತೀ ಅಂದರು. ಪರದೈಸು ಅಂದರೆ ಬೇಲಿ ಹಾಕಿದ ತೋಟ, ಪರ್ಷಿಯಾ ಕಡೆಯಿಂದ ಬಂದ ಪದ. ಪೌಲ ಮಾತ್ರ ಸತ್ತವರನ್ನು ನಿದ್ರೆ ಹೋದವರು ಅಂತ ಕರೆಯುತ್ತಾನೆ. ಇಂಗ್ಲಿಷಿನಲ್ಲಿ ಸಮಾಧಿ ಸ್ಥಳಕ್ಕೆ ಹೇಳುವ "ಸೆಮಿಟರಿ" ಕೂಡ ಮಲಗುವ ಜಾಗ ಅನ್ನೋ ಗ್ರೀಕ್ ಪದವೇ. ತೋಟದಲ್ಲಿ ಎಚ್ಚರವಾಗಿದ್ದಾರೋ, ಮಲಗಿದ್ದಾರೋ ಅಂತ ಸಾವಿರಾರು ವರ್ಷದಿಂದ ವಾದ ನಡೆದಿದೆ. ನಾನು ಅದಕ್ಕೆ ಹೋಗಲ್ಲ. ನವೆಂಬರ್ 2 ನಮ್ಮಲ್ಲಿ ಸತ್ತವರನ್ನು ನೆನೆಯುವ ದಿನ, ಅವತ್ತು ಸಂಜೆ ಅಪ್ಪನ ಸಮಾಧಿಗೆ ಸೇವಂತಿಗೆ ಹಾಕಿ, ಮೇಣದಬತ್ತಿ ಹಚ್ಚಿ, ಗಾಳಿಗೆ ಆರದ ಹಾಗೆ ಕೈ ಅಡ್ಡ ಹಿಡಿದು ಅರ್ಧ ಗಂಟೆ ಕೂರುತ್ತೇನೆ. ಇಡೀ ಸಮಾಧಿ ತೋಟ ಅವತ್ತು ಬೆಳಗುತ್ತೆ. ಪಕ್ಕದ ಸಮಾಧಿಯವರು ಬೆಂಕಿಪೆಟ್ಟಿಗೆ ಕೇಳುತ್ತಾರೆ. ಅಲ್ಲಿ ಯಾರೂ ಯಾರಿಗೂ ಅಳಬೇಡಿ ಅನ್ನೋದಿಲ್ಲ.

ಹಾಸನ ಬ್ರದರ್:

ಸತ್ತವರಿಗಾಗಿ ಮೇಣದಬತ್ತಿ, ಪ್ರಾರ್ಥನೆ ಇದಕ್ಕೆ ನನ್ನ ಒಪ್ಪಿಗೆ ಇಲ್ಲ. ಆದರೆ ಆ ವಾದ ಇಲ್ಲಿ ಬೇಡ.

ರಾತ್ರಿ ಪಾಳಿ ಸಿಸ್ಟರ್ ಬರೆದದ್ದು ಎರಡು ದಿನ ತಲೆಯಲ್ಲಿ ಕೂತಿತ್ತು. 2021ರ ಮೇ ತಿಂಗಳಲ್ಲಿ ನಮ್ಮ ಅಣ್ಣ ಕೊರೊನಾದಲ್ಲಿ ಹೋದ. ಮಣ್ಣಿಗೆ ನಾಲ್ಕೇ ಜನ, ಅವರೂ ಪ್ಲಾಸ್ಟಿಕ್ ಬಟ್ಟೆಯೊಳಗೆ. ಮುಖ ನೋಡಲಿಲ್ಲ. ಅವತ್ತು ನಾನು ಕೈತಟ್ಟಿ ಹಾಡಲಿಲ್ಲ. ಗೇಟಿನ ಹೊರಗೆ ಬೈಕ್ ಮೇಲೆ ಕೂತು ಅತ್ತೆ. ಅದನ್ನು ಸಭೆಯಲ್ಲಿ ಇವತ್ತಿನವರೆಗೆ ಹೇಳಿಲ್ಲ, ಸಾಕ್ಷಿ ಕೆಡುತ್ತೆ ಅಂತ. ಸಿಸ್ಟರ್, ನನ್ನ "ಸಂತೋಷ ಪಡಿ" ಅನ್ನೋದನ್ನು ವಾಪಸ್ ತಗೊಳ್ಳುತ್ತೇನೆ.

ಹಂಚಿನ ಮನೆ ಮೇಷ್ಟ್ರು:

ಬ್ರದರ್, ಅದೇ ಒಳ್ಳೆಯ ಸಾಕ್ಷಿ. ಬಸ್ ಸ್ಟ್ಯಾಂಡಿನಲ್ಲಿ ನಿರೀಕ್ಷಣಾ ಕೊಠಡಿ ಅಂತ ಬೋರ್ಡ್ ನೋಡಿದ್ದೀರಲ್ಲ? ಸತ್ಯವೇದದ ನಿರೀಕ್ಷೆಯೂ ಅದೇ ಪದ. ಅಲ್ಲಿ ಕೂತವರು ನಿದ್ದೆ ಮಾಡುತ್ತಾರೆ, ಜಗಳ ಆಡುತ್ತಾರೆ, ಮಗು ಅಳುತ್ತೆ, ಯಾರೋ ಬುತ್ತಿ ಬಿಚ್ಚುತ್ತಾರೆ. ಬಸ್ ಬರುತ್ತೆ ಅಂತ ಗೊತ್ತಿದ್ದೇ ಇದೆಲ್ಲ ಮಾಡುತ್ತಾರೆ.

ಲೈನ್ ಮನೆ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಉತ್ತರ ಬರೆಯೋಕೆ ತಡವಾಯಿತು. ಒಂದೊಂದೇ ಓದಿ ತಮ್ಮನಿಗೂ ಕಳಿಸಿದೆ.

ಕೆಂಪಿರುವೆ ಅವರಿಗೆ: ಅಮ್ಮ ಪರಲೋಕ ನಂಬಿ ಕೂಲಿ ಬಿಟ್ಟವರಲ್ಲ. ಕುಯ್ಲಿನ ದಿನ ಮೂಟೆ ತೂಕಕ್ಕೆ ಇಟ್ಟಾಗ ಮುಳ್ಳು ನೋಡೋಕೆ ಬಗ್ಗಿ ನಿಲ್ಲುತ್ತಿದ್ದರು. ಲೆಕ್ಕ ಬರೆಯುವ ರೈಟರ್ ಬೈದರೂ ಅಷ್ಟೇ. ನೂರು ಗ್ರಾಂ ವ್ಯತ್ಯಾಸ ಬಂದರೂ ಮತ್ತೆ ತೂಗಿಸುತ್ತಿದ್ದರು. ಸಂಜೆ ಬಂದು ಅದೇ ಕೈಯಲ್ಲಿ ಹಾಡಿನ ಪುಸ್ತಕ ಹಿಡಿಯುತ್ತಿದ್ದರು. ಎರಡಕ್ಕೂ ಏನೋ ಸಂಬಂಧ ಇತ್ತು ಅನ್ನಿಸುತ್ತೆ, ನನಗೆ ಹೇಳೋಕೆ ಬರಲ್ಲ.

ನಿನ್ನೆ ರಾತ್ರಿಯೂ ಎರಡಕ್ಕೆ ಎಚ್ಚರ ಆಯಿತು. ಮಾತ್ರೆಯ ಹೊತ್ತು ಅಂತ ನೆನಪಾಯಿತು. ಎದ್ದು ಅಡುಗೆಮನೆಗೆ ಹೋಗಿ ಬಿಸಿನೀರು ಕಾಯಿಸಿದೆ, ಆಗ ಮಾಡುತ್ತಿದ್ದ ಹಾಗೇ. ಲೋಟ ಹಿಡಿದು ನಿಂತಾಗ ಅಳು ಬಂತು. ತುಂಬಾ ಹೊತ್ತು ಬಂತು.

ರಾತ್ರಿ ಪಾಳಿ:

ಸರಿ. ಇವತ್ತು ಮಧ್ಯಾಹ್ನ ಸ್ವಲ್ಪ ಮಲಗಿ. ಊಟ ಬಿಡಬೇಡಿ.

ಕಾರವಾರದ ಬಲೆ:

ಕಲ್ಲಿಗೆ ಕೊನೆಗೆ ಏನು ಕೊಟ್ಟಿರಿ?

ಲೈನ್ ಮನೆ ಹುಡುಗಿ:

ಹುಬ್ಬಳ್ಳಿ ಹುಡುಗ ಹೇಳಿದ ಹಾಗೆ ಬಿಡಾರ ಬಿಟ್ಟೆವು. "ನನ್ನ" ಅನ್ನೋದನ್ನೂ ತಮ್ಮ ತೆಗೆದ. ಹೆಸರು, ವರ್ಷ, ಕೆಳಗೆ "ತಂದೆಯ ಮನೆಯಲ್ಲಿ". ಏಳೇ ಅಕ್ಷರ. ಚೀಟಿ ಬರೆದು ಕೊಟ್ಟು ಬಂದೆವು.

ಸಂಜೆ ಕಲ್ಲಿನವನು ಫೋನ್ ಮಾಡಿದ. ಅವನಿಗೆ ನಮ್ಮ ಸತ್ಯವೇದ ಗೊತ್ತಿಲ್ಲ. "ಅಕ್ಕಾ, ಕೆತ್ತೋ ಮುಂಚೆ ಕೇಳಿಬಿಡೋಣ ಅಂತ ಮಾಡಿದೆ. ತಂದೆಯ ಮನೆ ಅಂದ್ರೆ ಅಮ್ಮ ತವರಿನಲ್ಲಿ ತೀರಿಕೊಂಡ್ರು ಅಂತಲಾ?" ಅಂದ.

ಸ್ವಲ್ಪ ಹೊತ್ತು ನನಗೆ ಮಾತು ಹೊರಡಲಿಲ್ಲ. ಆಮೇಲೆ, ಇಲ್ಲಪ್ಪ, ತೀರಿಕೊಂಡ ಮೇಲೆ ಹೋದರು ಅಂದೆ.

ಶುಕ್ರವಾರ ಕೂರಿಸುತ್ತಾರೆ. ಸಿಮೆಂಟ್ ಒಣಗೋವರೆಗೆ ಹೂ ಇಡಬೇಡಿ ಅಂದಿದ್ದಾನೆ.